ಪರರ ಮನೆಯಲ್ಲಿ ಬೆಳೆಯುವ ಮಗು

ಶ್ರೀಕೃಷ್ಣಜಯಂತಿಯಂದು ನಾವು ಅರ್ಘ್ಯವನ್ನು ಅರ್ಪಿಸುವುದು ದೇವಕೀನಂದನನಿಗೆ. ಉಂಡೆ, ಚಕ್ಕುಲಿಗಳನ್ನು ಮಾಡಿಟ್ಟು ಮುದ್ದಿಸುವುದು ಯಶೋದೆಯ ಕಂದನನ್ನು. ಹೆತ್ತವರು ಸೆರೆಯಲ್ಲಿದ್ದಾಗ ಗೋಕುಲದ ಮನೆಯೊಂದು ಅವನನ್ನು ಸಾಕಿತು. ಕಂಸವಧೆಯ ಅನಂತರ ಅವನು ಹೆತ್ತವರನ್ನು ಸೇರಿದನು. ನಂದಗೋಪನು ವಿಷಯವನ್ನರಿಯದೆಯೇ ಸಾಕಿದನೆಂಬುದು ಬೇರೆ ಮಾತು. ದತ್ತಕದಲ್ಲಿ ಮಗುವು ಒಂದು ಕುಲದಿಂದ ಇನ್ನೊಂದಕ್ಕೆ ಸಲ್ಲುತ್ತದೆ; ಪೋಷಣೆಯಲ್ಲಿ ಹಾಗಲ್ಲ, ಹೆತ್ತವರ ನಂಟು ಕಡಿಯದೆ ಉಳಿಯುತ್ತದೆ. ಈ ಭೇದವನ್ನು ಅರಿಯದೆ ಮಾಡಿದ ದಾನವು ಎಷ್ಟೋ ವೇಳೆ ಸೇರಬೇಕಾದಲ್ಲಿಗೆ ಸೇರುವುದಿಲ್ಲ.

2015ರ ಬಾಲನ್ಯಾಯ ಕಾಯಿದೆಯ 44ನೆಯ ಕಲಮು ಇಂತಹ ಪೋಷಕತ್ವಕ್ಕೆ ಸಂಬಂಧಿಸಿದುದು. ಮಕ್ಕಳ ಕಲ್ಯಾಣ ಸಮಿತಿಯು ಪರಿಶೀಲಿಸಿ ಒಪ್ಪಿದ ಕುಟುಂಬದಲ್ಲಿ ಮಗುವನ್ನು ಇರಿಸಲಾಗುತ್ತದೆ. ಆ ಮನೆಯ ಮೇಲೆ ಸಮಿತಿಯ ಕಣ್ಣು ಸದಾ ಇರುತ್ತದೆ. 2024ರ ಮಾರ್ಗಸೂಚಿಯಂತೆ ದಂಪತಿಗಳಲ್ಲದೆ ಒಂಟಿಯಾಗಿರುವವರೂ ಪೋಷಕರಾಗಬಹುದು. ಕೇಂದ್ರದ ವಾತ್ಸಲ್ಯ ಯೋಜನೆಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿಗಳ ನೆರವುಂಟು.

ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಈ ವಿಷಯಕ್ಕೆ ವಿಶೇಷವಾದ ತೂಕವಿದೆ. 1880ರಲ್ಲಿ ಜಾನ್ ಟೇಲರ್ ಸಂಸ್ಥೆಯು ಕೈಹಾಕಿದ ಆಧುನಿಕ ಗಣಿಗಾರಿಕೆಯು 2001ರ ಫೆಬ್ರವರಿ 28ರಂದು ನಿಂತಿತು. ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್ ರೋಗವೂ ಭೂಗರ್ಭದ ಬಂಡೆಸಿಡಿತಗಳೂ ಅದಕ್ಕೆ ಮೊದಲೇ ಅನೇಕ ಮನೆಗಳ ಆಧಾರವನ್ನು ಕಸಿದುಕೊಂಡಿದ್ದವು. ಗಣಿ ಮುಚ್ಚಿದ ಮೇಲೆ ದುಡಿಯುವವರು ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವಂತಾಯಿತು. ಹಗಲೆಲ್ಲ ಮಕ್ಕಳು ಅಜ್ಜಿಯ ಕೈಯಲ್ಲಿ. ದುಡಿಯುವ ಕೈಯೇ ಇಲ್ಲವಾದರೆ ಆ ವೃದ್ಧೆಯ ಗತಿಯೇನು?

ಇಲ್ಲಿಯೇ ನಮ್ಮ ದಾನಿಗಳು ವಿಚಾರಮಾಡಬೇಕು. ಮಗುವನ್ನು ಬಾಲಮಂದಿರಕ್ಕೆ ಸೇರಿಸಿ, ವರ್ಷಕ್ಕೊಮ್ಮೆ ಹುಟ್ಟುಹಬ್ಬದ ಹೆಸರಿನಲ್ಲಿ ಅಲ್ಲಿ ಅನ್ನದಾನ ಮಾಡುವುದಕ್ಕಿಂತ, ಆ ಅಜ್ಜಿಯ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದು ಮೇಲೆಂದು ನಮ್ಮ ಅಭಿಪ್ರಾಯ. ಬಡತನವೊಂದೇ ಕಾರಣವಾಗಿ ಮಗು ಮನೆಬಿಡುವುದು ಅನ್ಯಾಯ. ಬಂಧುಗಳ ಆಶ್ರಯದಲ್ಲಿರುವ ಮಕ್ಕಳಿಗೆ ‘ಪ್ರಾಯೋಜಕತ್ವ’ವೆಂಬ ನೆರವನ್ನು ಸರಕಾರವೇ ಇರಿಸಿದೆ, ಕುಟುಂಬದ ವಾರ್ಷಿಕ ವರಮಾನವು ಗ್ರಾಮಗಳಲ್ಲಿ 72,000, ಇತರೆಡೆ 96,000 ರೂಪಾಯಿಗಳನ್ನು ಮೀರಿರಬಾರದು. ಖಾಸಗಿ ದಾನಿಗಳೂ ಜಿಲ್ಲಾಡಳಿತದ ಮೂಲಕ ಹೀಗೆ ಮಗುವೊಂದರ ವೆಚ್ಚವನ್ನು ವಹಿಸಿಕೊಳ್ಳಬಹುದು. ಅರ್ಜಿಯನ್ನು ಬರೆದುಕೊಡುವವರಿಲ್ಲದೆ ಎಷ್ಟೋ ಅಜ್ಜಿಯರು ಸುಮ್ಮನಿರುತ್ತಾರೆ. ನಿವೃತ್ತರಾದ ಗುಮಾಸ್ತರಿಗೂ ಉಪಾಧ್ಯಾಯರಿಗೂ ಹಣವಿಲ್ಲದೆಯೂ ಮಾಡಬಹುದಾದ ದಾನವಿದು.

ಕರುಣೆಯಿಂದಲೇ ತಪ್ಪಾಗುವುದೂ ಉಂಟು. ಬಂಗಾರಪೇಟೆಯ ಜಂಕ್ಷನ್ನಿನಲ್ಲಿ ಒಂಟಿ ಮಗುವನ್ನು ಕಂಡ ಸಜ್ಜನರು, ದೇವರೇ ಕೊಟ್ಟನೆಂದು ಅದನ್ನು ಮನೆಗೆ ಕರೆದೊಯ್ದು ಇಟ್ಟುಕೊಳ್ಳುವಂತಿಲ್ಲ. ಅಂತಹ ಮಗು ಕೈಸೇರಿದ 24 ಗಂಟೆಗಳೊಳಗೆ 1098ಕ್ಕಾಗಲಿ, ಪೊಲೀಸರಿಗಾಗಲಿ, ಸಮಿತಿಗಾಗಲಿ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೆ ಎರಡೂ ಉಂಟು. ಕಟ್ಟಳೆ ಕಠಿಣವೆನಿಸೀತು. ಆದರೆ ಎಲ್ಲಿಯೋ ಒಬ್ಬ ತಾಯಿ ಅದೇ ಮಗುವನ್ನು ಹುಡುಕುತ್ತಿರಬಹುದಲ್ಲವೆ?

ಹೊಸ ಮನೆಗೆ ಬರುವ ಮಗುವಿನ ಮೊದಲ ದಿನಗಳೇ ಕಷ್ಟದವು. ಉಟ್ಟ ಬಟ್ಟೆಯಲ್ಲೇ ಬರುವ ಮಕ್ಕಳೂ ಇದ್ದಾರೆ. ಮನೆಯ ತನಿಖೆ, ಸಮಿತಿಯ ಆದೇಶ, ಬ್ಯಾಂಕಿನ ಖಾತೆ ಇವೆಲ್ಲ ಮುಗಿದು ನೆರವಿನ ಹಣ ಬರುವ ಮುನ್ನವೇ ಹಸಿವೂ ಶಾಲೆಯೂ ಬಾಗಿಲಲ್ಲಿ ನಿಂತಿರುತ್ತವೆ. ಎರಡು ಜೊತೆ ಹೊಸ ಬಟ್ಟೆ, ಅಳತೆಗೆ ಸರಿಯಾದ ಪಾದರಕ್ಷೆ, ಹೊದಿಕೆ, ಪುಸ್ತಕದ ಚೀಲ, ಶಾಲೆಯ ವರ್ಗಾವಣೆಪತ್ರಕ್ಕಾಗಿ ಓಡಾಡುವ ವೆಚ್ಚ, ಇಷ್ಟು ಒದಗಿದರೆ ಆ ವಾರ ಕಳೆಯುತ್ತದೆ. ಹಳೆಯ ಬಟ್ಟೆಯ ಗಂಟನ್ನು ದಯವಿಟ್ಟು ಕಳುಹಿಸಬಾರದು. ತನ್ನದೆನ್ನುವುದೊಂದೂ ಇಲ್ಲದ ಮಗುವಿಗೆ ಹೊಸತೊಂದು ಬೇಕು.

ಕೊಡುವ ಸಾಮಗ್ರಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ವಿಚಾರಿಸಿಯೇ ಕೊಡಬೇಕು. ಸ್ವಯಂಪ್ರೇರಿತ ಕಾಣಿಕೆಗಳನ್ನು ಬಾಲನ್ಯಾಯ ನಿಧಿಗೆ ಸ್ವೀಕರಿಸಲು ಕಾಯಿದೆಯ 105ನೆಯ ಕಲಮಿನಲ್ಲಿ ಅವಕಾಶವಿದೆ. ಮಗುವಿನ ಹೆಸರು, ಚಿತ್ರ, ಶಾಲೆಗಳನ್ನು ಪ್ರಕಟಿಸುವುದನ್ನು 74ನೆಯ ಕಲಮು ನಿಷೇಧಿಸಿದೆ. ಆದಕಾರಣ ಸಾಮಗ್ರಿಯನ್ನು ಹಂಚುವ ಭಾವಚಿತ್ರಗಳನ್ನು ತೆಗೆಸುವುದು ಬೇಡ. ಚೀಲದ ಮೇಲೆ ದಾನಿಯ ಹೆಸರನ್ನು ಅಚ್ಚುಹಾಕಿಸುವುದೂ ಬೇಡ, ಅದನ್ನು ಹೊತ್ತು ಶಾಲೆಗೆ ಹೋಗಬೇಕಾದುದು ಮಗು.