ಮರಳಿ ಬಾರದ ನೌಕೆ

ಭೂಮಿಯನ್ನು ಸುತ್ತುವ ನಿಲ್ದಾಣದಲ್ಲಿ ಮಾನವರು ತಿಂಗಳುಗಟ್ಟಲೆ ಬಾಳುತ್ತಾರೆಂಬ ಸುದ್ದಿ ಇಂದು ಯಾರನ್ನೂ ಬೆರಗುಗೊಳಿಸುವುದಿಲ್ಲ. ಆದರೆ ಅಲ್ಲಿ ಕೆರೆಯಿಲ್ಲ, ಹೊಲವಿಲ್ಲ. ಉಸಿರಾಡಲು ಗಾಳಿಯೂ ಇಲ್ಲ. ಬೇಕಾದುದೆಲ್ಲವೂ ಭೂಮಿಯಿಂದಲೇ ಹೋಗಬೇಕು. ಯಾತ್ರಿಕರು ತಮ್ಮೊಡನೆ ಒಯ್ಯುವ ಬುತ್ತಿ ಎಷ್ಟು ದಿನ ಬಂದೀತು?

ಈ ಪ್ರಶ್ನೆಗೆ ಸೋವಿಯತ್ ವಿಜ್ಞಾನಿಗಳು ಕಂಡುಕೊಂಡ ಉತ್ತರವೇ ‘ಪ್ರೋಗ್ರೆಸ್’ ಎಂಬ ಸರಕು ನೌಕೆ. ಚಾಲಕನಿಲ್ಲದ ಈ ನೌಕೆಗಳಲ್ಲಿ ಮೊದಲನೆಯದು 1978ರ ಜನವರಿ 20ರಂದು ಬೈಕನೂರಿನಿಂದ ಮೇಲೇರಿ, ಎರಡು ದಿನಗಳ ತರುವಾಯ ‘ಸಲ್ಯೂತ್-6’ ನಿಲ್ದಾಣವನ್ನು ಕೂಡಿಕೊಂಡಿತು. ಅಲ್ಲಿ ಯೂರಿ ರೊಮನೆಂಕೊ, ಗಿಯೋರ್ಗಿ ಗ್ರೆಚ್ಕೊ ಎಂಬ ಗಗನಯಾತ್ರಿಗಳಿದ್ದರು. ನಿಲ್ದಾಣಕ್ಕೆ ಎರಡು ದ್ವಾರಗಳಿದ್ದುವು. ಒಂದರಲ್ಲಿ ಅವರು ಊರಿಗೆ ಮರಳಬೇಕಾದ ಸೊಯೂಜ್ ನೌಕೆ ನಿಂತಿದ್ದಿತು. ಇನ್ನೊಂದು ಈ ಅತಿಥಿಗಾಗಿ ತೆರವಾಗಿದ್ದಿತು.

ಪ್ರೋಗ್ರೆಸ್ಸನ್ನು ಸೊಯೂಜಿನ ತಮ್ಮನೆಂದರೂ ಸಲ್ಲುವುದು. ಸೊಯೂಜಿನಲ್ಲಿ ಯಾತ್ರಿಕರು ಕುಳಿತು ಭೂಮಿಗಿಳಿಯುವ ಕೋಶವು ಎಲ್ಲಿರುವುದೋ, ಇದರಲ್ಲಿ ಅಲ್ಲಿ ಇಂಧನದ ತೊಟ್ಟಿಗಳಿವೆ. ಮರಳುವ ಹೊಣೆಯನ್ನು ತೊರೆದುದರಿಂದಲೇ ಅದಕ್ಕೆ ಇಷ್ಟು ಭಾರ ಹೊರುವ ಶಕ್ತಿ ಬಂದಿತು. ಸುಮಾರು 7 ಟನ್ನು ತೂಕದ ಆ ಮೊದಲ ನೌಕೆ ಸುಮಾರು 2.3 ಟನ್ನು ಸಾಮಗ್ರಿಯನ್ನು ಒಯ್ದಿತು. ಅದರಲ್ಲಿ ಒಂದು ಟನ್ನಿನಷ್ಟು ಇಂಧನವೇ. ನಿಲ್ದಾಣಕ್ಕೆ ಇಂಧನವೇಕೆ? ಅದು ಸಂಚರಿಸುವ ಎತ್ತರದಲ್ಲಿಯೂ ಅತಿ ವಿರಳವಾದ ವಾಯು ಉಳಿದಿರುತ್ತದೆ. ಆ ವಾಯುವಿನ ತಡೆಯಿಂದ ನಿಲ್ದಾಣವು ಮೆಲ್ಲಮೆಲ್ಲನೆ ಕೆಳಕ್ಕೆ ಜಾರುತ್ತದೆ. ಆಗಾಗ ಎಂಜಿನ್ನನ್ನು ಉರಿಸಿ ಮೇಲಕ್ಕೆತ್ತದಿದ್ದರೆ ಅದು ಉಳಿಯದು.

ಸರಕನ್ನು ಇಳಿಸಿಕೊಂಡ ಯಾತ್ರಿಕರು ಬರಿದಾದ ಕೋಣೆಯಲ್ಲಿ ಕಸವನ್ನು ತುಂಬಿದರು. ಬೇರ್ಪಟ್ಟ ನೌಕೆಯು ಫೆಬ್ರವರಿ 8ರಂದು ಪೆಸಿಫಿಕ್ ಸಾಗರದ ಮೇಲೆ ವಾಯುಮಂಡಲವನ್ನು ಹೊಕ್ಕು ಉರಿದುಹೋಯಿತು. ಅದು ತಂದ ಬುತ್ತಿಯನ್ನುಂಡು ಅವರಿಬ್ಬರೂ 96 ದಿನಗಳನ್ನು ಪೂರೈಸಿದರು. ಅದಕ್ಕೆ ಮುನ್ನ ಅಮೆರಿಕದ ಸ್ಕೈಲ್ಯಾಬಿನಲ್ಲಿ ಕಳೆದ 84 ದಿನಗಳೇ ಅತಿ ದೀರ್ಘವಾಸವೆನಿಸಿದ್ದುವು.

ಸಲ್ಯೂತಿನ ತರುವಾಯ ಬಂದ ‘ಮೀರ್’ ನಿಲ್ದಾಣಕ್ಕೂ ಪ್ರೋಗ್ರೆಸ್ ನೌಕೆಗಳೇ ಸರಕನ್ನೊಯ್ದುವು. ಇಂತಹ ಉಪಕಾರಿ ಒಮ್ಮೆ ಮೃತ್ಯುವಿನಂತೆಯೂ ಬಂದಿತು. 1997ರ ಜೂನ್ 25ರಂದು ವಸೀಲಿ ತ್ಸಿಬ್ಲಿಯೆವ್ ಅವರು ಮೀರ್‌ನೊಳಗೆ ಕುಳಿತು, ಟೆಲಿವಿಷನ್ ಪರದೆಯನ್ನು ನೋಡುತ್ತ, ಹೊರಗಿದ್ದ ಪ್ರೋಗ್ರೆಸ್ ನೌಕೆಯನ್ನು ಕೈಯಾರೆ ನಡೆಸಿ ತರುವ ಪರೀಕ್ಷೆಯಲ್ಲಿದ್ದರು. ನೌಕೆ ಹಿಡಿತಕ್ಕೆ ಸಿಕ್ಕದೆ ಧಾವಿಸಿ ಬಂದು ‘ಸ್ಪೆಕ್ಟರ್’ ಎಂಬ ಘಟಕಕ್ಕೆ ಬಡಿಯಿತು. ಗಾಳಿ ಸೋರತೊಡಗಿತು. ಘಟಕದ ಬಾಗಿಲನ್ನು ಮುಚ್ಚೋಣವೆಂದರೆ ಅದರ ಮೂಲಕ ಹಲವು ತಂತಿಗಳು ಹಾದಿದ್ದುವು. ಅಲೆಕ್ಸಾಂಡರ್ ಲಜೂತ್ಕಿನ್ ಅವುಗಳನ್ನು ಕಳಚಿದರು, ಕಳಚಲಾಗದವನ್ನು ಕತ್ತರಿಸಿದರು. ಅಮೆರಿಕದ ಮೈಕೆಲ್ ಫೋಲ್ ನೆರವಾದರು. ಬಾಗಿಲು ಮುಚ್ಚಿತು, ಮೂವರೂ ಬದುಕಿದರು. ಸ್ಪೆಕ್ಟರಿನ ಸೌರಫಲಕಗಳಿಂದ ಬರುತ್ತಿದ್ದ ವಿದ್ಯುತ್ತು ಮಾತ್ರ ನಿಂತುಹೋಯಿತು.

ತ್ಸಿಬ್ಲಿಯೆವ್ ಅವರನ್ನು ದೂಷಿಸಿದವರುಂಟು. ಪರದೆಯೊಂದನ್ನೇ ನಂಬಿ ಟನ್ನುಗಟ್ಟಲೆ ತೂಗುವ ನೌಕೆಯನ್ನು ನಡೆಸಬೇಕಾದವರ ಸಂಕಟವನ್ನೂ ಅವರು ನೆನೆಯಬೇಕಾಗಿದ್ದಿತು.

ದುರಸ್ತಿಗೆ ಬೇಕಾದ ಸಲಕರಣೆಗಳು ಜುಲೈ 7ರಂದು ಮೀರ್ ನಿಲ್ದಾಣವನ್ನು ತಲುಪಿದುವು. ಅವನ್ನು ಹೊತ್ತು ತಂದುದು ಇನ್ನೊಂದು ಪ್ರೋಗ್ರೆಸ್ ನೌಕೆ.