ಇಂದಿನ ಧಮ್ಮ ಚಿಂತನೆ: ಎದುರಿಗಿಲ್ಲದ ಗೆಳೆಯ

 

ಈ ವಾರ ನಾವು ದೀಘ ನಿಕಾಯದ 31ನೆಯ ಸುತ್ತ, ಸಿಗಾಲೋವಾದವನ್ನು ಓದುತ್ತಿದ್ದೇವೆ. ರಾಜಗೃಹದ ಸಿಗಾಲ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ. ಭಗವಾನ್ ಬುದ್ಧರು ಅವನ ದಿಕ್ಕುಗಳನ್ನು ಮನುಷ್ಯರ ಕಡೆಗೆ ತಿರುಗಿಸಿದರು. ಪೂರ್ವವೆಂದರೆ ತಂದೆತಾಯಿ, ದಕ್ಷಿಣವೆಂದರೆ ಗುರುಗಳು, ಉತ್ತರವೆಂದರೆ ಸ್ನೇಹಿತರು.

ಇದೇ ಸುತ್ತದಲ್ಲಿ ಒಳ್ಳೆಯ ಸ್ನೇಹಿತರ ನಾಲ್ಕು ಬಗೆ ಹೇಳಿದೆ. ಕೊನೆಯವನು ಅನುಕಂಪಕ. ಅವನು ಸ್ನೇಹಿತನ ಕೇಡಿಗೆ ಹಿಗ್ಗುವುದಿಲ್ಲ, ಏಳಿಗೆಗೆ ಸಂತೋಷಪಡುತ್ತಾನೆ, ಹೊಗಳುವವರಿಗೆ ದನಿಗೂಡಿಸುತ್ತಾನೆ, ತೆಗಳುವವರನ್ನು ತಡೆಯುತ್ತಾನೆ. ಈ ಕೊನೆಯದು ಓದಲು ಸುಲಭ. ಮಾಡಲು ಎಷ್ಟು ಕಷ್ಟ ಎಂಬುದನ್ನು ದಸರಾ ರಜೆಯಲ್ಲಿ ಒಂದು ಕಾರಿನೊಳಗೆ ಕೂತು ನೋಡಿದೆ.

ಎಂ.ಎ. ಜೊತೆಯಲ್ಲಿ ಓದಿದ ನಾಲ್ವರು ಚಿತ್ರದುರ್ಗದಿಂದ ಹೊರಟಿದ್ದೆವು. ದಾರಿಯಲ್ಲಿ ಸಿಗುವ ಸಹಪಾಠಿಗಳ ಮನೆಗಳು, ಅಶೋಕನ ಶಾಸನಗಳು, ಕೊನೆಗೆ ಸನ್ನತಿ. (ಹೋದದ್ದೂ ಉತ್ತರಕ್ಕೇ!) ಮೊಳಕಾಲ್ಮುರು ಬಳಿಯ ಬ್ರಹ್ಮಗಿರಿಯಲ್ಲಿ, ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬಂಡೆಯ ಮುಂದೆ, ಲಿಪಿಕಾರ ಚಪಡನ ಬಗ್ಗೆ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆಲ್ಲ ನೆನಪಾಯಿತು.

ಬಳ್ಳಾರಿ, ಸಿರುಗುಪ್ಪ ದಾಟಿ ಭತ್ತದ ಗದ್ದೆಗಳ ನಡುವೆ ಸಾಗುವಾಗ ಮಾತು ಲಿಂಗಸುಗೂರಿನ ಗೆಳೆಯನ ಕಡೆ ಹೊರಳಿತು. ವ್ಯಾಪಾರದಲ್ಲಿ ಕೈಸುಟ್ಟುಕೊಂಡವನು. ಹಲವರಿಂದ ಸಾಲ ಪಡೆದು, ಈಗ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಮೊದಲು ಸಾಲದ ಮಾತು ಬಂತು. ಆಮೇಲೆ ಅವನು ಕುಡಿಯುತ್ತಾನಂತೆ, ಹೆಂಡತಿ ತವರಿಗೆ ಹೋಗಿದ್ದಾಳಂತೆ ಎಂಬ ಅಂತೆಕಂತೆ. ನಗುವೂ ಸೇರಿಕೊಂಡಿತು. ಆಗ ಕಾರು ಓಡಿಸುತ್ತಿದ್ದ ದಾವಣಗೆರೆಯ ಗೆಳೆಯ ಹೇಳಿದ: "ಅವ್ನಿಗೆ ನಾನೂ ದುಡ್ಡು ಕೊಟ್ಟೀನಿ. ಹೇಳಾದಿದ್ರೆ ಅವನ ಮುಂದೆ ಹೇಳ್ರಪ್ಪಾ. ಅವನೂರು ದಾರಿಯಾಗೇ ಐತಲ್ಲ."

ಯಾರೂ ಉಸಿರೆತ್ತಲಿಲ್ಲ. 1915ರಲ್ಲಿ ಸಿಕ್ಕ, ಅಶೋಕ ಎಂಬ ಹೆಸರನ್ನೇ ಹೇಳುವ ಮಸ್ಕಿಯ ಶಾಸನವನ್ನು ನೋಡುವಾಗಲೂ ಅದೇ ಮೌನ.

ಸಂಜೆ ಅವನ ಮನೆ ಮುಟ್ಟಿದೆವು. ನಮ್ಮನ್ನು ನೋಡಿ ಅವನ ಮುಖ ಬಿಳಿಚಿತು. ತವರಿಗೆ ಹೋಗಿದ್ದಾರೆಂದು ನಾವು ಕೇಳಿದ್ದ ಅವನ ಹೆಂಡತಿಯೇ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಅವನು ರಾತ್ರಿ ಪಾಳಿಯ ಕೆಲಸಕ್ಕೆ ಸೇರಿದ್ದ. ಕೆಂಪಾದ ಕಣ್ಣಿಗೆ ಕಾರಣ ನಿದ್ದೆಗೆಡುವುದು. ಊಟವಾದ ಮೇಲೆ ದಾವಣಗೆರೆಯ ಗೆಳೆಯ ಸುತ್ತುಬಳಸದೆ ಸಾಲದ ಮಾತು ತೆಗೆದ. ಒಟ್ಟು ಎಷ್ಟು, ಯಾರಿಗೆ ಮೊದಲು, ತಿಂಗಳಿಗೆ ಎಷ್ಟು ಕೊಡಲು ಆಗುತ್ತದೆ? ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದರು. ನಡುವೆ ಅವನು ಎರಡು ಸಲ ಎದ್ದು ಹೊರಗೆ ಹೋಗಿ ಬಂದ.

ಬಂಧುಗಳೇ, ಸಾಲವನ್ನು ಮರೆತುಬಿಡಿ ಎಂದು ಸುತ್ತ ಹೇಳುವುದಿಲ್ಲ. ಕೆಟ್ಟದ್ದರಿಂದ ತಡೆದು ಹಿತ ಹೇಳುವವನೂ ಆ ನಾಲ್ವರಲ್ಲಿ ಒಬ್ಬ. ಎದುರಿಗೆ ಹೊಗಳಿ ಬೆನ್ನ ಹಿಂದೆ ತೆಗಳುವವನನ್ನು ಮಾತ್ರ ಸುತ್ತ ಮಿತ್ರನ ವೇಷದ ಶತ್ರುಗಳ ಸಾಲಿನಲ್ಲಿ ಕೂರಿಸುತ್ತದೆ. ಆ ರಾತ್ರಿ ಆಡಿದ ಮಾತುಗಳು ಕಾರಿನಲ್ಲಿ ಆಡಿದವುಗಳಿಗಿಂತ ಕಠಿಣವಾಗಿದ್ದವು. ಆದರೆ ಉತ್ತರ ಕೊಡಲು ಅವನು ಅಲ್ಲಿದ್ದ.

ಮರುದಿನ ಕಾರಿನಲ್ಲಿ ಐವರಾದೆವು. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ 12ನೆಯ ಶಾಸನ ಸಿಕ್ಕಿದೆ. ಪರಪಂಥಗಳನ್ನು ಕಾರಣವಿಲ್ಲದೆ ಹಳಿಯದೆ ಮಾತಿಗೆ ಹಿಡಿತವಿರಲಿ ಎಂಬುದು ಅದರ ತಿರುಳು. ಪ್ರಾಕೃತದಲ್ಲಿ 'ವಚಗುತಿ', ಅಂದರೆ ಮಾತಿನ ಕಾವಲು. ಪಂಥಗಳಿಗೆ ಹೇಳಿದ್ದು ಗೆಳೆಯರಿಗೂ ಸಲ್ಲುತ್ತದೆ ಎಂದು ನನ್ನ ಅಭಿಪ್ರಾಯ. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪವಿದೆ, ಹೆಸರನ್ನು ಬ್ರಾಹ್ಮಿಯಲ್ಲಿ ಕೊರೆದಿದ್ದಾರೆ. ಅದನ್ನು ನಮಗಿಂತ ಮೊದಲು ಓದಿದವನು ಲಿಂಗಸುಗೂರಿನ ಗೆಳೆಯನೇ. ತರಗತಿಯಲ್ಲೂ ಶಾಸನಶಾಸ್ತ್ರಕ್ಕೆ ಹೆಚ್ಚು ಅಂಕ ಅವನದೇ ಇರುತ್ತಿತ್ತು.

ನಾಳೆ: ಸ್ನೇಹಿತರಿಗೆ ಸಲ್ಲಿಸಬೇಕಾದ ಐದು ಸೇವೆಗಳು.