ಕಣ್ಣಿಗೆ ಕಾಣದ ಫ್ಲೋರಿನ್ ವಿಷ: ಅಳೆಯುವುದು ಹೇಗೆ?



ಎಣ್ಣೆ ಹೀರದ ಪಾರ್ಸೆಲ್ ಕಾಗದ, ನಾನ್‌ಸ್ಟಿಕ್ ಕಾವಲಿ ನಮಗೆ ಹೊಸತಲ್ಲ. ಇಂಥವುಗಳ ತಯಾರಿಕೆಯಲ್ಲಿ ಬಳಕೆಯಾಗುತ್ತ ಬಂದ 'ಪಿಎಫ್‌ಎಎಸ್' ರಾಸಾಯನಿಕಗಳು ನೀರು, ಮಣ್ಣು ಸೇರಿದರೆ ಸುಲಭವಾಗಿ ಕರಗಿಹೋಗುವುದಿಲ್ಲ. ಇವುಗಳಲ್ಲೊಂದಾದ ಪಿಎಫ್‌ಒಎ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2023ರಲ್ಲಿ ಘೋಷಿಸಿತು.

ಇದು ಟಿಡಿಎಸ್ ಮೀಟರ್‌ಗೆ ಸಿಗದು. ನೀರನ್ನು ಟೆಫ್ಲಾನ್ ಸೋಂಕದ ಬಾಟಲಿಯಲ್ಲೇ ಹಿಡಿಯಬೇಕು. ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಸಾಂದ್ರಗೊಳಿಸಿ, ಲಿಕ್ವಿಡ್ ಕ್ರೊಮ್ಯಾಟೊಗ್ರಫಿಯಿಂದ ಬೇರ್ಪಡಿಸಿ, ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಳೆಯುತ್ತಾರೆ. ಕುಡಿಯುವ ನೀರಿನ ಪಿಎಫ್‌ಒಎಗೆ ಅಮೆರಿಕ 2024ರಲ್ಲಿ ಹಾಕಿದ ಮಿತಿ ಲೀಟರಿಗೆ 4 ನ್ಯಾನೋಗ್ರಾಂ. ಅಂದರೆ 1,000 ಲೀಟರಿನ 250 ಟ್ಯಾಂಕ್‌ಗಳಿಗೆ ಒಟ್ಟು 1 ಮಿಲಿಗ್ರಾಂ!

ನೀರು ಕುದಿಸಿದರೆ ಇದು ಹೋಗದು. ಆರ್‌ಓ ಬಹುಮಟ್ಟಿಗೆ ತಡೆಯುತ್ತದೆ. ಪಾರ್ಸೆಲ್ ಕಾಗದ ಕೊಳ್ಳುವಾಗ 'ಪಿಎಫ್‌ಎಎಸ್ ಲೇಪನವಿಲ್ಲ' ಎಂದು ಬರೆಸಿಕೊಳ್ಳಿ. ನಮ್ಮ ಬಾಳೆಎಲೆಗಂತೂ ಯಾವ ಲೇಪನವೂ ಬೇಡ.